ಬೇಡವೆಂದು ಬಿಟ್ಟದ್ದಕ್ಕೊಂದು ಹೆಸರು: ಓರ್ಟ್

ನಮಸ್ಕಾರ. ಊಟ ಮುಗಿದ ಮೇಲೆ ತಟ್ಟೆಯಲ್ಲಿ ಉಳಿಯುವ ಚೂರುಪಾರಿಗೆ ಇಂಗ್ಲಿಷಿನಲ್ಲಿ 'ಓರ್ಟ್' ಎಂಬ ಪುಟ್ಟ ಪದವೊಂದಿದೆ. ಹೆಚ್ಚಾಗಿ ಬಹುವಚನದಲ್ಲಿ, 'ಓರ್ಟ್ಸ್' ಎಂದೇ ಅದರ ಬಳಕೆ. ಇಂದು ಇದನ್ನು ಬಲ್ಲವರಲ್ಲಿ ಬಹಳ ಮಂದಿ ಪದಬಂಧ ತುಂಬುವವರು. 'ಲೆಫ್ಟೋವರ್ಸ್' ಇರುವಾಗ ಇದೇಕೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಇವೆರಡೂ ಒಂದೇ ವಸ್ತುವಿನ ಹೆಸರುಗಳಲ್ಲ. ಲೆಫ್ಟೋವರ್ಸ್ ಎಂದರೆ ಪಾತ್ರೆಯಲ್ಲಿ ಮಿಕ್ಕದ್ದು, ನಾಳೆ ಬಿಸಿಮಾಡಿ ಉಣ್ಣಬಹುದಾದದ್ದು. ಓರ್ಟ್ ಎಂದರೆ ಒಬ್ಬರು ಉಂಡು, ಇನ್ನು ಬೇಡವೆಂದು ಬಿಟ್ಟ ಎಂಜಲು.

ಆ 'ಬೇಡ' ಎಂಬುದು ಪದದ ಹುಟ್ಟಿನಲ್ಲೇ ಇದೆ. 15ನೆಯ ಶತಮಾನದ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುವ ಈ ಪದದ ನೆಂಟರು ಕೆಳಜರ್ಮನ್ ಮತ್ತು ಡಚ್ ಭಾಷೆಗಳಲ್ಲಿದ್ದಾರೆ. 'ಹೊರಗೆ' ಅಥವಾ 'ಅಲ್ಲದ' ಎಂಬರ್ಥದ ಒಂದು ಪೂರ್ವಪ್ರತ್ಯಯವೂ ತಿನ್ನುವುದನ್ನು ಸೂಚಿಸುವ ಒಂದು ಧಾತುವೂ ಸೇರಿ ಇದಾಯಿತೆಂದು ವಿದ್ವಾಂಸರು ವಿವರಿಸುತ್ತಾರೆ. ಮೊದಲಿಗೆ ಇದು ದನಗಳು ಮೂಸಿ ಬಿಟ್ಟ ಮೇವಿನ ಹೆಸರಾಗಿತ್ತು; ಮನುಷ್ಯರ ತಟ್ಟೆಗೆ ಬಂದದ್ದು ಆಮೇಲೆ.

ಕೊಟ್ಟಿಗೆಯಿಂದ ಬಂದದ್ದರಿಂದಲೇ ಇದಕ್ಕೆ ಅವಮಾನದ ಕಾವು ಅಂಟಿಕೊಂಡಿತೆಂದು ನಾನು ನಂಬುತ್ತೇನೆ. ಷೇಕ್ಸ್‌ಪಿಯರ್ 1594ರಲ್ಲಿ ಪ್ರಕಟಿಸಿದ, ಲ್ಯೂಕ್ರೀಸ್ ಎಂಬ ರೋಮನ್ ಹೆಣ್ಣಿನ ಕಥೆ ಹೇಳುವ ಕಾವ್ಯದಲ್ಲಿ, ತನ್ನ ಮೇಲೆ ಅತ್ಯಾಚಾರವೆಸಗಿದ ಟಾರ್ಕ್ವಿನ್‌ಗೆ ಅವಳು ಶಾಪ ಹಾಕುತ್ತಾಳೆ: ಭಿಕ್ಷುಕನೊಬ್ಬನ ಎಂಜಲಿಗಾಗಿ ಇವನು ಹಂಬಲಿಸುವ ಕಾಲ ಬರಲಿ, ಬೇಡಿ ಬದುಕುವವನೂ ತಾನು ಬಿಸಾಡುವ ಚೂರನ್ನು ಇವನಿಗೆ ಕೊಡಲು ಹೇಸಲಿ. ಆ ಎಂಜಲಿಗೆ ಕವಿ ಆರಿಸಿದ ಪದ ಓರ್ಟ್ಸ್. ಲೆಫ್ಟೋವರ್ಸ್ ಎಂಬ ಪದಕ್ಕೆ ಅಷ್ಟು ಕಡು ಶಾಪವನ್ನು ಹೊರುವ ಶಕ್ತಿಯೇ ಇಲ್ಲ. 'ಟ್ರಾಯಿಲಸ್ ಅಂಡ್ ಕ್ರೆಸಿಡಾ' ನಾಟಕದಲ್ಲಂತೂ ಅವನು ಇದೇ ಪದವನ್ನು ಪ್ರೀತಿಗೇ ಅನ್ವಯಿಸಿ, ತನ್ನನ್ನು ಬಿಟ್ಟವಳ ಪ್ರೀತಿಯ ಎಂಜಲು ಇನ್ನೊಬ್ಬನ ಪಾಲಾಯಿತೆಂದು ಟ್ರಾಯಿಲಸ್‌ನ ಬಾಯಲ್ಲಿ ಹೇಳಿಸುತ್ತಾನೆ.

ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ ಬರೆದ ಇಂಗ್ಲಿಷ್ ಲೇಖಕಿ 1861ರ 'ಸೈಲಸ್ ಮಾರ್ನರ್' ಕಾದಂಬರಿಯಲ್ಲಿ ಇದನ್ನು ಬಳಸಿದ ಬಗೆ ನನಗೆ ಇನ್ನೂ ಹೆಚ್ಚು ನಾಟುತ್ತದೆ. ಉಳ್ಳವರ ಔತಣಗಳಿಂದ ಓರ್ಟ್ಸ್ ಹೆಚ್ಚುತ್ತಿದ್ದವು, ಅವೇ ಬಡವರ ಪಾಲಿನ ಪಿತ್ರಾರ್ಜಿತ ಎನ್ನುತ್ತಾರೆ ಆಕೆ. ತಿಂದವರು ಯಾರು, ಅವರು ಬಿಟ್ಟದ್ದಕ್ಕೆ ಕಾದವರು ಯಾರು ಎಂಬುದೆಲ್ಲ ಅಲ್ಲಿ ಆ ಒಂದು ಪದದಲ್ಲಿದೆ.

ಕೆಲವು ನಿಘಂಟುಗಳು ಇದನ್ನು ಹಳತು ಅಥವಾ ಪ್ರಾದೇಶಿಕ ಎಂದು ಗುರುತಿಸಿ ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಪದ ತಾನು ಹುಟ್ಟಿದ ಕಡೆ ಇಂದಿಗೂ ದುಡಿಯುತ್ತಿದೆ. ಹೈನುಗಾರಿಕೆಯ ಸಂಶೋಧಕರು ಹಸುವಿನ ಮುಂದಿಟ್ಟ ಮೇವನ್ನು ತೂಗಿ, ಮರುದಿನ ಗೋದಲಿಯಲ್ಲಿ ಉಳಿದ ಓರ್ಟ್ಸ್ ತೂಗಿ, ಒಂದರಲ್ಲಿ ಇನ್ನೊಂದನ್ನು ಕಳೆದು ಅದು ತಿಂದದ್ದೆಷ್ಟೆಂದು ಲೆಕ್ಕ ಹಾಕುತ್ತಾರೆ. ಕಾಳಿನ ಪುಡಿಯನ್ನೆಲ್ಲ ನೆಕ್ಕಿ ಉದ್ದನೆಯ ಒರಟು ಕಡ್ಡಿಗಳನ್ನಷ್ಟೇ ಬಿಟ್ಟಿದ್ದರೆ, ಹಸು ಮೇವನ್ನು ಆರಿಸಿ ತಿಂದಿದೆ ಎಂದು ತಿಳಿಯುತ್ತದೆ. ಗೋದಲಿ ಪೂರ್ತಿ ಬರಿದಾದರೆ ಅದರ ಹೊಟ್ಟೆ ತುಂಬಿತೋ ಇಲ್ಲವೋ ಹೇಳಲಾಗದು; ಆದ್ದರಿಂದ ಒಂದಿಷ್ಟು ಉಳಿಯಲೆಂದೇ ಮೇವನ್ನು ಹೆಚ್ಚು ಹಾಕುತ್ತಾರೆ.