ಹುಳದ ಜೀನ್ ಬಾಯಿ ಕಟ್ಟುವ ಔಷಧಿಗೆ ಮೂರೇ ವರ್ಷದ ಪರವಾನಗಿ ಯಾಕೆ?

[ತೆರೆಯ ಮೇಲೆ: ಆಲೂಗಡ್ಡೆ ಎಲೆ, ತೀರಾ ಹತ್ತಿರದಿಂದ]

ಈ ಎಲೆಯ ಅಂಚಲ್ಲಿರೋ ಮರಿಹುಳ ನೋಡಿ. ಇಟ್ಟಿಗೆ ಬಣ್ಣ, ಉಬ್ಬಿದ ಬೆನ್ನು, ಪಕ್ಕೆಯುದ್ದಕ್ಕೂ ಎರಡು ಸಾಲು ಕರಿ ಚುಕ್ಕೆ. ಔಷಧಿ ಹೊಡೆದಾಗಿದೆ. ಹುಳ ಇನ್ನೂ ಸತ್ತಿಲ್ಲ, ಆದರೆ ಮೇಯೋದು ನಿಲ್ಲಿಸಿದೆ. ಕೆಲವೇ ದಿನದಲ್ಲಿ ಎಲೆಯಿಂದ ಉದುರಿಬಿಡುತ್ತೆ.

ಇದು ಕೊಲೊರಾಡೊ ಆಲೂಗಡ್ಡೆ ದುಂಬಿಯ ಮರಿ. ಬೆಳೆದು ದೊಡ್ಡದಾದ ಮೇಲೆ ಹಳದಿ ಬೆನ್ನಿನ ಮೇಲೆ ಹತ್ತು ಕಪ್ಪು ಗೀಟು ಮೂಡುತ್ತೆ. ಪುಣ್ಯಕ್ಕೆ ಭಾರತಕ್ಕೆ ಇದಿನ್ನೂ ಕಾಲಿಟ್ಟಿಲ್ಲ. ಅಮೆರಿಕದ ರೈತರನ್ನು ಮಾತ್ರ ನೂರೈವತ್ತು ವರ್ಷದಿಂದ ಕಾಡ್ತಾ ಇದೆ. ಡಿಡಿಟಿಯಿಂದ ಹಿಡಿದು 50ಕ್ಕೂ ಹೆಚ್ಚು ಕೀಟನಾಶಕಗಳಿಗೆ ಬಗ್ಗದೆ ನಿಂತ ಹುಳ ಇದು.

2023ರ ಡಿಸೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಈ ಹುಳಕ್ಕೆ ಅಂತಲೇ ಒಂದು ಔಷಧಿಗೆ ಒಪ್ಪಿಗೆ ಕೊಟ್ಟಿತು. ಹೆಸರು ಲೆಡ್‌ಪ್ರೋನಾ. ಗ್ರೀನ್‌ಲೈಟ್ ಬಯೋಸೈನ್ಸಸ್ ಕಂಪನಿ ಇದನ್ನು ಕ್ಯಾಲಾಂಥಾ ಅನ್ನೋ ಹೆಸರಲ್ಲಿ ಮಾರುತ್ತೆ. ಕೀಟದ ಜೀನನ್ನು ಸುಮ್ಮನಾಗಿಸೋ ಆರ್‌ಎನ್‌ಎ ಔಷಧಿಯನ್ನು ಬೆಳೆಗೆ ಸಿಂಪಡಿಸೋಕೆ ಒಪ್ಪಿಗೆ ಸಿಕ್ಕಿದ್ದು ಜಗತ್ತಲ್ಲಿ ಅದೇ ಮೊದಲು. ಆದರೆ ಪರವಾನಗಿ ಮೂರೇ ವರ್ಷಕ್ಕೆ. ಯಾಕೆ ಅಂತ ತಿಳಿಯೋಕೆ ಹುಳದ ಹೊಟ್ಟೆಯೊಳಗೆ ಹೋಗಬೇಕು.

[ತೆರೆಯ ಮೇಲೆ: ದರ್ಶಿನಿಯ ಕೌಂಟರ್, ಬಿಲ್ ಚೀಟಿ]

ದರ್ಶಿನಿಯಲ್ಲಿ ಗೋಡೆ ಮೇಲೆ ತಿಂಡಿ ಪಟ್ಟಿ ಇರುತ್ತೆ. ಕ್ಯಾಶ್ ಕೌಂಟರ್‌ನಲ್ಲಿ ಚೀಟಿ ತಗೊಂಡು ಹೋಗಿ ಕೊಟ್ಟರೆ ದೋಸೆ ಬರುತ್ತೆ. ಜೀವಕೋಶದಲ್ಲೂ ಹಾಗೇ. ಗೋಡೆ ಮೇಲಿನ ಪಟ್ಟಿ ಡಿಎನ್ಎ, ಚೀಟಿ ಆರ್‌ಎನ್‌ಎ, ದೋಸೆ ಪ್ರೋಟೀನ್. ಆರ್‌ಎನ್‌ಎ ಔಷಧಿ ಪಟ್ಟಿಯನ್ನು ಮುಟ್ಟೋದೇ ಇಲ್ಲ, ದಾರಿಯಲ್ಲಿ ಚೀಟಿ ಹರಿದುಹಾಕುತ್ತೆ. ಔಷಧಿಯಲ್ಲಿರೋ ಎರಡೆಳೆಯ ಆರ್‌ಎನ್‌ಎ ಒಳಗೆ ಬಂದ ಕೂಡಲೇ ಜೀವಕೋಶ ಅದನ್ನು ಸುಮಾರು 21 ಅಕ್ಷರಗಳ ತುಂಡುಗಳಾಗಿ ಕತ್ತರಿಸುತ್ತೆ. ಆ ತುಂಡಿಗೆ ಹೊಂದೋ ಚೀಟಿ ಎಲ್ಲೇ ಸಿಕ್ಕರೂ ಚೂರು ಮಾಡುತ್ತೆ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಒಂದು ಪುಟ್ಟ ದುಂಡುಹುಳುವಿನಲ್ಲಿ ಇದನ್ನು ತೋರಿಸಿಕೊಟ್ಟರು, 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಲೆಡ್‌ಪ್ರೋನಾ ಹರಿದುಹಾಕೋ ಚೀಟಿ ಜೀವಕೋಶದ ಕಸ ವಿಲೇವಾರಿಗೆ ಸೇರಿದ್ದು. ಬೀದಿಗೆ ಕಸದ ಗಾಡಿ ಬರದೇ ಹೋದರೆ ಏನಾಗುತ್ತೆ ಗೊತ್ತಲ್ಲ? ಹುಳದೊಳಗೆ ಹಾಳಾದ ಪ್ರೋಟೀನ್ ಗುಡ್ಡೆ ಬೀಳುತ್ತೆ. ಇಷ್ಟಕ್ಕೆ ಎಕರೆಗೆ ಬೇಕಾಗೋ ಆರ್‌ಎನ್‌ಎ ಸುಮಾರು 4 ಗ್ರಾಂ.

“ಹಾಗಾದರೆ ಆ ಆಲೂಗಡ್ಡೆ ತಿಂದ ನಮ್ಮ ಜೀನ್ ಗತಿ?” ನ್ಯಾಯವಾದ ಪ್ರಶ್ನೆ. ನಾವು ತಿನ್ನೋ ಸೊಪ್ಪು, ಕಾಳು, ಮೀನು ಎಲ್ಲದರಲ್ಲೂ ಆರ್‌ಎನ್‌ಎ ಇದೆ. ನಮ್ಮ ಜಠರದ ಆಮ್ಲ, ಕಿಣ್ವಗಳು ಅದನ್ನು ಪುಡಿ ಮಾಡುತ್ತವೆ. ಮಣ್ಣಲ್ಲೂ ಅದು ಬಹಳ ದಿನ ಉಳಿಯಲ್ಲ. ನನ್ನ ಚಿಂತೆ ಇರೋದು ನಮ್ಮ ಹೊಟ್ಟೆ ಬಗ್ಗೆ ಅಲ್ಲ, ಹೊಲದಲ್ಲಿರೋ ಬೇರೆ ಹುಳಗಳ ಬಗ್ಗೆ.

ಗುಲಗಂಜಿ ಹುಳುವೂ ದುಂಬಿ ಜಾತಿಯದ್ದೇ, ಸಸ್ಯಹೇನು ತಿಂದು ರೈತನಿಗೆ ಉಪಕಾರ ಮಾಡುತ್ತೆ. ಔಷಧಿಯ 21 ಅಕ್ಷರ ಅದರ ಚೀಟಿಗೂ ಹೊಂದಿಬಿಟ್ಟರೆ? ಕಂಪನಿಗಳು ಕಂಪ್ಯೂಟರ್‌ನಲ್ಲಿ ಜೀನ್ ಅಕ್ಷರಗಳನ್ನು ಹೋಲಿಸಿ ನೋಡುತ್ತವೆ. ಒಳ್ಳೆಯದೇ. ಆದರೆ ಎಷ್ಟೋ ಕೀಟಗಳ ಜೀನ್ ಪಟ್ಟಿಯನ್ನು ಇನ್ನೂ ಯಾರೂ ಓದಿಲ್ಲ. ಹಾಗಾಗಿ ಹೋಲಿಕೆ ಸಾಲದು. ಜೇನು, ಗುಲಗಂಜಿ, ಎರೆಹುಳುಗಳಿಗೆ ತಿನ್ನಿಸಿಯೇ ನೋಡಬೇಕು. ಇಂಥ ಔಷಧಿಯಿಂದ ಪರಿಸರಕ್ಕೆ ಆಗಬಹುದಾದ ಅಪಾಯವನ್ನು ಹೇಗೆ ಅಳೆಯಬೇಕು ಅಂತ ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಓಇಸಿಡಿ 2020ರಲ್ಲೇ ಒಂದು ದಾಖಲೆ ಹೊರತಂದಿದೆ.

ಯಾವ ಕಾನೂನಿನ ಕೆಳಗೆ ಅನ್ನೋದು ಇನ್ನೊಂದು ಜಗಳ. ಡಿಎನ್ಎ ಬದಲಾಗಲ್ಲ, ಹಾಗಾಗಿ ಇದು ಕುಲಾಂತರಿ ಅಲ್ಲ ಅಂತ ನ್ಯೂಜಿಲೆಂಡ್ 2018ರಲ್ಲಿ ತೀರ್ಮಾನಿಸಿತು. ಅಲ್ಲಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ವಿಜ್ಞಾನಿ ಜ್ಯಾಕ್ ಹೈನ್‌ಮನ್ ಅದನ್ನು ಬಲವಾಗಿ ಪ್ರಶ್ನಿಸಿದರು. ಕುಲಾಂತರಿ ಅಲ್ಲ ಅನ್ನೋದನ್ನು ನಾನು ಒಪ್ತೀನಿ. ಆದರೆ ‘ಕುಲಾಂತರಿ ಅಲ್ಲ’ ಅಂದ ಮಾತ್ರಕ್ಕೆ ‘ಪರೀಕ್ಷೆ ಬೇಡ’ ಅಂತಾಗಲ್ಲ.

[ತೆರೆಯ ಮೇಲೆ: ಪ್ರಯೋಗಾಲಯದ ಡಬ್ಬಿಯಲ್ಲಿ ದುಂಬಿಗಳು]

ಮೂರು ವರ್ಷದ ಗಡುವು ಯಾಕೆ ಸರಿ ಅಂತ ನನಗೆ ಮನವರಿಕೆ ಆಗಿದ್ದು ಇಲ್ಲಿ. ಆರ್‌ಎನ್‌ಎ ಔಷಧಿ ಬಗ್ಗೆ ಒಂದು ಮಾತು ಓಡಾಡುತ್ತಿತ್ತು: ಹುಳ ಒಗ್ಗಿಕೊಂಡರೆ ಏನಂತೆ, ಅಕ್ಷರ ಬದಲಾಯಿಸಿದರಾಯ್ತು. 2018ರಲ್ಲಿ ಮೆಕ್ಕೆಜೋಳದ ಬೇರುಹುಳುವಿನ ಮೇಲೆ ಬಂದ ಅಧ್ಯಯನ ಆ ಭರವಸೆಗೆ ಪೆಟ್ಟು ಕೊಟ್ಟಿತು. ಪ್ರಯೋಗಾಲಯದಲ್ಲಿ ಒಗ್ಗಿಕೊಂಡ ಹುಳಗಳ ಕರುಳು ಎರಡೆಳೆ ಆರ್‌ಎನ್‌ಎಯನ್ನು ಒಳಗೆ ಬಿಟ್ಟುಕೊಳ್ಳೋದನ್ನೇ ನಿಲ್ಲಿಸಿತ್ತು. ಬಾಗಿಲೇ ಮುಚ್ಚಿದ ಮೇಲೆ ಯಾವ ಅಕ್ಷರ ತಂದರೇನು? 2021ರಲ್ಲಿ ನಮ್ಮ ಈ ಆಲೂಗಡ್ಡೆ ದುಂಬಿಯಲ್ಲೂ ಪರೀಕ್ಷೆ ಆಯ್ತು. ಬದುಕುಳಿದವನ್ನು ಒಂಬತ್ತು ಸಲ ಆಯ್ದ ಮೇಲೆ ಔಷಧಿ ತಡೆದುಕೊಳ್ಳೋ ಅವುಗಳ ಶಕ್ತಿ 11,100 ಪಟ್ಟನ್ನೂ ಮೀರಿತ್ತು. ಅಂದರೆ ಒಂದು ಕಂಪನಿಯ ಔಷಧಿಯನ್ನು ಹೊಲದಲ್ಲಿ ಅತಿಯಾಗಿ ಹೊಡೆದರೆ, ನಾಳೆ ಬರೋ ಇನ್ನೊಂದು ಆರ್‌ಎನ್‌ಎ ಔಷಧಿಯೂ ಕೆಡಬಹುದು. ಬೇರೆ ಬಗೆಯ ಔಷಧಿ ಜೊತೆ ಸರದಿಯಲ್ಲಿ ಬಳಸಿ ಅನ್ನೋದು ಸಲಹೆಯಾಗಿ ಉಳಿದರೆ ಸಾಲದು, ಪರವಾನಗಿಯ ಷರತ್ತೇ ಆಗಬೇಕು.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ ಕೀಟನಾಶಕಗಳನ್ನು ಆಳೋದು 1968ರ ಕಾಯ್ದೆ. ಅದರ ಅನುಸೂಚಿಗೆ ಸೇರಿದ್ದಷ್ಟೇ ಕಾನೂನಿನ ಲೆಕ್ಕದಲ್ಲಿ ಕೀಟನಾಶಕ. ದೇಶಕ್ಕೆ ಮೊದಲ ಸಲ ಬರೋ ಔಷಧಿಗೆ ಸೆಕ್ಷನ್ 9(3ಬಿ) ಅಡಿಯಲ್ಲಿ ಎರಡು ವರ್ಷದ ತಾತ್ಕಾಲಿಕ ನೋಂದಣಿ ಕೊಡೋಕೆ ಅವಕಾಶ ಇದೆ. ಗಡುವು ಹಾಕೋ ಹತಾರ ನಮ್ಮ ಕೈಯಲ್ಲೂ ಇದೆ ಅಂತಾಯ್ತು. ಯಾವ ಕಾನೂನಿಗೂ ಸಿಗದೆ ಎಷ್ಟೋ ಕಾಲ ಗೊಬ್ಬರದಂಗಡಿಯಲ್ಲಿ ಮಾರಾಟವಾಗಿ, 2021ರಲ್ಲಷ್ಟೇ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದ ಜೈವಿಕ ಉತ್ತೇಜಕಗಳ, ಅಂದರೆ ಗಿಡದ ಬೆಳವಣಿಗೆಗೆ ಚುರುಕು ಕೊಡೋ ಪದಾರ್ಥಗಳ, ಕಥೆ ಮತ್ತೆ ಆಗಬಾರದು.

ಇನ್ನೊಂದು ವಿಷಯ, ರೈತರು ಗಮನ ಕೊಟ್ಟು ಕೇಳಿ. 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಂಡ ಫಾಲ್ ಸೈನಿಕ ಹುಳು ಚಿಟ್ಟೆ-ಪತಂಗದ ಗುಂಪಿನದ್ದು. ಕಾಯಿಕೊರಕವೂ ಅದೇ ಗುಂಪು. ಈ ಹುಳಗಳ ಕರುಳಿನ ಕಿಣ್ವಗಳು ಎರಡೆಳೆ ಆರ್‌ಎನ್‌ಎಯನ್ನು ಬೇಗ ಮುರಿದುಹಾಕುತ್ತವೆ. ದುಂಬಿಯಲ್ಲಿ ಕಂಡ ಫಲ ಇವುಗಳಲ್ಲಿ ಅಷ್ಟು ಸುಲಭಕ್ಕೆ ಸಿಗಲ್ಲ. ಯಾರಾದರೂ ‘ಆರ್‌ಎನ್‌ಎ ಔಷಧಿ, ಎಲ್ಲಾ ಹುಳಕ್ಕೂ ಒಂದೇ’ ಅಂತ ಬಾಟಲಿ ತೋರಿಸಿದರೆ, ತಿರುಗಿಸಿ ಲೇಬಲ್ ನೋಡಿ. ನೋಂದಣಿ ಸಂಖ್ಯೆ ಇದೆಯಾ? ಯಾವ ಬೆಳೆ, ಯಾವ ಹುಳ ಅಂತ ಬರೆದಿದೆಯಾ? ಇಲ್ಲದಿದ್ದರೆ ಬಾಟಲಿ ಅಲ್ಲೇ ಬಿಟ್ಟು ಬನ್ನಿ.