ನಿಲ್ಲೋಕೆ ಪುರುಸೊತ್ತಿದೆಯಾ?

ಕೇಳುಗರಿಗೆಲ್ಲ ನಮಸ್ಕಾರ.

ಚೀನೀ ಭಾಷೆಯಲ್ಲಿ ಗೆಳೆಯನನ್ನು ‘ಪುರುಸೊತ್ತಿದೆಯಾ?’ ಎಂದು ಕೇಳಬೇಕಾದರೆ ‘ಯೌ ಗಾಂಗ್‌ಫು ಮಾ?’ ಎನ್ನುತ್ತಾರೆ. ಹೌದು, ಅದೇ ಗಾಂಗ್‌ಫು. ನಾವು ಕುಂಗ್ ಫು ಅನ್ನುವ ಪದ. ಅದಕ್ಕೆ ಹೊಡೆದಾಟದ ಅರ್ಥ ಅಂಟಿಕೊಂಡಿದ್ದು ಆಮೇಲೆ. ಮೂಲದಲ್ಲಿ ಅದು ಹೊತ್ತು, ದುಡಿಮೆ, ಹೊತ್ತು ಹಾಕಿ ದುಡಿದು ಪಡೆದ ಪಳಗಿದ ಕೈ. ಚೆನ್ನಾಗಿ ಅಡುಗೆ ಮಾಡುವವರಿಗೂ ಗಾಂಗ್‌ಫು ಇದೆ ಅನ್ನುವುದುಂಟು.

ಇವತ್ತು ಈ ಹೊತ್ತಿನ ಬಗ್ಗೆಯೇ ಮಾತಾಡಬೇಕು ಅನ್ನಿಸಿದೆ. ಕುಂಗ್ ಫು ಕಲಿಯಲು ಬರುವವರು ಮೊದಲ ವಾರವೇ ಕೇಳುವ ಪ್ರಶ್ನೆ ಎರಡು. ಕಾಲು ತಲೆಯ ಎತ್ತರಕ್ಕೆ ಯಾವಾಗ ಹೋಗುತ್ತದೆ? ದಿನಕ್ಕೆ ಎಷ್ಟು ಗಂಟೆ ಮಾಡಬೇಕು? ನಾನೂ ಇದನ್ನೇ ಕೇಳಿದ್ದೆ.

ಈ ವಿದ್ಯೆಯಲ್ಲಿ ಹೊಡೆಯುವುದಕ್ಕಿಂತ ಮೊದಲು ಕಲಿಸುವುದು ನಿಲ್ಲುವುದನ್ನು. ಮಾ ಬು, ಅಂದರೆ ಕುದುರೆ ನಿಲುವು. ಕುದುರೆಯ ಮೇಲೆ ಕೂತವರ ಕಾಲು ಹೇಗಿರುತ್ತದೋ ಹಾಗೆ, ಆದರೆ ಕೆಳಗೆ ಕುದುರೆ ಇಲ್ಲ. ಶಾಲೆಯಲ್ಲಿ ಮೇಷ್ಟ್ರು ಕೊಡುತ್ತಿದ್ದ ಕುರ್ಚಿ ಶಿಕ್ಷೆ ನೆನಪಿದೆ ಅಲ್ವಾ? ಹೆಚ್ಚುಕಡಿಮೆ ಅದೇ, ಬೆನ್ನಿಗೆ ಗೋಡೆ ಇಲ್ಲ ಅಷ್ಟೆ. ಭರತನಾಟ್ಯ ಕಲಿತವರು ಅರೆಮಂಡಿಯನ್ನು ನೆನೆಯಬಹುದು. ಅಲ್ಲಿ ಪಾದ ಹೊರಕ್ಕೆ ತಿರುಗಿರುತ್ತದೆ, ಇಲ್ಲಿ ಬೆರಳುಗಳು ನೇರ ಮುಂದಕ್ಕೆ. ಉತ್ತರ ಚೀನಾದ ಚಾಂಗ್ ಚುವಾನ್ ಪದ್ಧತಿಯಲ್ಲಿ ಎರಡು ಪಾದಗಳ ನಡುವೆ ಸುಮಾರು 3 ಪಾದದಷ್ಟು ಜಾಗ ಬಿಡುತ್ತಾರೆ. ತೊಡೆ ನೆಲಕ್ಕೆ ಸಮ. ಬೆನ್ನು ನೆಟ್ಟಗೆ. ಮುಷ್ಟಿ ಸೊಂಟದ ಪಕ್ಕ.

ಹಾಗೆ ಒಂದು ನಿಮಿಷ ನಿಂತರೆ ಏನಾಗುತ್ತದೆ ಗೊತ್ತಾ? ಮೊದಲ 10 ಸೆಕೆಂಡು ಏನೂ ಅನ್ನಿಸುವುದಿಲ್ಲ. 20ಕ್ಕೆ ತೊಡೆ ಬಿಸಿಯಾಗುತ್ತದೆ. 30ಕ್ಕೆ ಪೃಷ್ಠ ನಮಗೇ ಗೊತ್ತಾಗದ ಹಾಗೆ ಹಿಂದಕ್ಕೆ ಜಾರುತ್ತದೆ, ಎದೆ ಮುಂದಕ್ಕೆ ಬಾಗುತ್ತದೆ. 40ಕ್ಕೆ ಮಂಡಿ ಒಳಗಡೆ ವಾಲುತ್ತದೆ. 50ಕ್ಕೆ ಉಸಿರು ಕಟ್ಟಿ, ಹಲ್ಲು ಕಚ್ಚಿ, ಭುಜವನ್ನು ಕಿವಿಯ ಹತ್ತಿರ ಏರಿಸಿಕೊಂಡಿರುತ್ತೇವೆ. ಅಷ್ಟು ಹೊತ್ತಿಗೆ ತೊಡೆಯಲ್ಲಿ ಒಂದು ನಡುಕ ಶುರು. ನೊಣ ಕೂತಾಗ ಎಮ್ಮೆ ತನ್ನ ಚರ್ಮವನ್ನು ಅದುರಿಸುತ್ತದಲ್ಲ, ಹಾಗೆ.

ನನಗೆ ಕಲಿಸಿದವರ ಕೈಯಲ್ಲಿ ಗಡಿಯಾರ ಇರುತ್ತಿತ್ತು. ಆದರೆ ಅವರು ನೋಡುತ್ತಿದ್ದದ್ದು ನನ್ನ ಮಂಡಿಯನ್ನು. ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಅದು ಒಳಕ್ಕೆ ಜಾರಿದ ತಕ್ಷಣ ಎಣಿಕೆ ನಿಲ್ಲಿಸುತ್ತಿದ್ದರು. ‘ಇಲ್ಲಿಂದ ಆಚೆಗೆ ನೀನು ನಿಂತಿಲ್ಲ, ಕೀಲಿಗೆ ಜೋತು ಬಿದ್ದಿದ್ದೀಯ’ ಅನ್ನುತ್ತಿದ್ದರು. 5 ನಿಮಿಷ ನಿಂತೆ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಆ ಮಾತೇ ನೆನಪಿಗೆ ಬರುತ್ತದೆ.

ಚೀನಾದ ಹೆನಾನ್ ಪ್ರಾಂತದಲ್ಲಿ, ಸೊಂಗ್ ಬೆಟ್ಟದ ಮಡಿಲಲ್ಲಿ ಶಾವೊಲಿನ್ ಮಠವಿದೆ. ಐದನೇ ಶತಮಾನದ ಕೊನೆಯಲ್ಲಿ ಬಾತುವೊ ಎಂಬ ಭಾರತದ ಭಿಕ್ಷುವಿಗಾಗಿ ಅಲ್ಲಿನ ಚಕ್ರವರ್ತಿ ಕಟ್ಟಿಸಿಕೊಟ್ಟದ್ದು. ಕುಂಗ್ ಫು ಕಲಿಸಿದ್ದು ನಮ್ಮ ದಕ್ಷಿಣದ ಭಿಕ್ಷು ಬೋಧಿಧರ್ಮ ಎಂದು ಹೆಮ್ಮೆಯಿಂದ ಹೇಳುವವರು ನಮ್ಮಲ್ಲಿ ತುಂಬ ಜನ. ಆದರೆ ಅವನ ಹೆಸರು ಹೊತ್ತು ಬಂದ ಅಂಗಸಾಧನೆಯ ಪುಸ್ತಕ 17ನೇ ಶತಮಾನದ್ದು, ಅಂದರೆ ಅವನ ಕಾಲಕ್ಕೆ ಸಾವಿರ ವರ್ಷ ಆಮೇಲಿನದು. ಚೀನಾದ ಇತಿಹಾಸಕಾರ ಟಾಂಗ್ ಹಾವೊ ಸುಮಾರು 90 ವರ್ಷದ ಹಿಂದೆಯೇ ಈ ಕಥೆಯನ್ನು ಅಲ್ಲಗಳೆದಿದ್ದರು. ಕಥೆ ಹೋದರೆ ಹೋಗಲಿ. ಆ ಮಠದಲ್ಲಿ ಕಥೆಗಿಂತ ಗಟ್ಟಿಯಾದ ಸಾಕ್ಷಿಯೊಂದಿದೆ. ಸಾವಿರ ಬುದ್ಧರ ಮಂದಿರ ಎಂಬ, ಮಿಂಗ್ ಅರಸರ ಕಾಲದ ಕಟ್ಟಡ. 1928ರಲ್ಲಿ ಸೇನಾಧಿಪತಿಯೊಬ್ಬ ಮಠಕ್ಕೆ ಬೆಂಕಿ ಇಡಿಸಿದಾಗಲೂ ಉಳಿದುಕೊಂಡಿತು. ಅದರ ಇಟ್ಟಿಗೆ ನೆಲದಲ್ಲಿ 48 ಗುಳಿಗಳಿವೆ. ಸಾಲು ಸಾಲಾಗಿ. ಭಿಕ್ಷುಗಳು ತಲೆತಲಾಂತರದಿಂದ ಅದೇ ಜಾಗದಲ್ಲಿ ನಿಂತು, ಅದೇ ಜಾಗದಲ್ಲಿ ಕಾಲು ಅಪ್ಪಳಿಸಿ ಆದ ಗುಳಿಗಳು ಎನ್ನುತ್ತಾರೆ ಅಲ್ಲಿಯವರು. ನಾನು ಅವನ್ನು ಚಿತ್ರಗಳಲ್ಲಿ ಮಾತ್ರ ನೋಡಿದ್ದೇನೆ. ನಮ್ಮ ಹಳೆಯ ಮನೆಗಳಲ್ಲಿ ಒರಳುಕಲ್ಲಿನ ಗುಂಡಿ ರುಬ್ಬಿ ರುಬ್ಬಿ ನುಣ್ಣಗಾಗುವ ಹಾಗಿವೆ ಅವು.

ಹಿಂದೆ ಗಡಿಯಾರದ ಬದಲು ಊದುಬತ್ತಿ ಹಚ್ಚಿಡುತ್ತಿದ್ದರಂತೆ. ಬತ್ತಿ ಉರಿದು ಮುಗಿಯುವವರೆಗೆ ನಿಲ್ಲಬೇಕು. ದಕ್ಷಿಣ ಚೀನಾದ ಹುಂಗ್ ಗಾರ್ ಪದ್ಧತಿಯಲ್ಲಿ ವರ್ಷಗಟ್ಟಲೆ ಬರೀ ನಿಲುವು ಮಾಡಿಸುತ್ತಿದ್ದರು ಎಂಬ ಮಾತು ಇಂದಿಗೂ ಓಡಾಡುತ್ತದೆ. ಆದರೆ ಎಲ್ಲರೂ ಹೀಗೆ ಕೆಳಕ್ಕೆ ಕೂತೇ ನಿಲ್ಲುವುದಿಲ್ಲ. ಯಿ ಚುವಾನ್ ಪದ್ಧತಿ ಕಟ್ಟಿದ ವಾಂಗ್ ಶಿಯಾಂಗ್‌ಝಾಯ್ ಉದ್ದುದ್ದ ವರಸೆಗಳನ್ನೇ ಬಿಟ್ಟುಬಿಟ್ಟರು. ಮುಖ್ಯವಾಗಿ ಉಳಿಸಿಕೊಂಡದ್ದು ಝಾನ್ ಝುವಾಂಗ್, ಅಂದರೆ ಕಂಬದ ಹಾಗೆ ನಿಲ್ಲುವುದು. ಮಂಡಿ ಸ್ವಲ್ಪವೇ ಬಾಗಿರುತ್ತದೆ, ಕೈ ದೊಡ್ಡ ಮರವನ್ನು ತಬ್ಬಿದ ಹಾಗೆ. ನೋಡಿದವರಿಗೆ ಸುಮ್ನೆ ನಿಂತಿದ್ದಾರೆ ಅನ್ನಿಸಬೇಕು. ವಯಸ್ಸಾದವರು, ಮಂಡಿ ನೋವಿರುವವರು ಕೇಳುತ್ತಿದ್ದರೆ ಅವರಿಗೆ ನಾನು ಹೇಳುವುದು ಇದನ್ನೇ. ಕೆಳಗೆ ಕೂರುವ ಹಟ ಬೇಡ.

ಇನ್ನು ಮೈ ಬಳುಕುವ ವಿಷಯ. ಇಲ್ಲಿ ನನ್ನದೇ ಒಂದು ನೋವಿದೆ.

ಆಗ ನನಗೆ 23 ವರ್ಷ. ಒಂದೇ ತಿಂಗಳಲ್ಲಿ ಎರಡೂ ಕಾಲು ಅಗಲಿಸಿ ನೆಲಕ್ಕೆ ಕೂರಬೇಕು ಎಂದು ಹಟ ಹಿಡಿದಿದ್ದೆ. ನಾನು ಹೋಗುತ್ತಿದ್ದ ಒಂದು ಕ್ಲಾಸಿನಲ್ಲಿ, ಚಳಿಗಾಲದ ಬೆಳಿಗ್ಗೆ, ಮೈ ಇನ್ನೂ ಬಿಸಿಯಾಗಿರಲಿಲ್ಲ. ಕಾಲು ಚಾಚಿ ಮುಂದಕ್ಕೆ ಬಾಗಿದ್ದೆ. ಒಬ್ಬರು ಬಂದು ಬೆನ್ನಿನ ಮೇಲೆ ತಮ್ಮ ಭಾರ ಹಾಕಿದರು. ತೊಡೆಯ ಹಿಂದೆ, ಪೃಷ್ಠದ ಮೂಳೆಯ ಹತ್ತಿರ, ‘ಟಪ್’ ಎಂದಿತು. ಒದ್ದೆ ಬಟ್ಟೆ ಹರಿದ ಹಾಗೆ. ಆಮೇಲೆ 7 ತಿಂಗಳು ಬಸ್ಸಿನ ಸೀಟಿನಲ್ಲಿ ನೇರವಾಗಿ ಕೂರಲು ಆಗಲಿಲ್ಲ. ನಿಮ್ಮ ಮಕ್ಕಳು ಇಂಥ ತರಗತಿಗೆ ಹೋಗುತ್ತಿದ್ದರೆ ದಯವಿಟ್ಟು ಒಮ್ಮೆ ಹೋಗಿ ನೋಡಿ. ಯಾರಾದರೂ ಮಗುವಿನ ಬೆನ್ನ ಮೇಲೆ ಒತ್ತಿ ಕೂರುತ್ತಿದ್ದರೆ ಅಲ್ಲೇ ನಿಲ್ಲಿಸಿ.

ಆ 7 ತಿಂಗಳಲ್ಲಿ ನನಗೆ ತಿಳಿದದ್ದು, ಮೈಯೊಳಗೆ ಇರುವುದು ಒಂದೇ ಗಡಿಯಾರವಲ್ಲ ಎಂಬುದು. ಮೊದಲ ಕೆಲವು ವಾರಗಳಲ್ಲಿ ಬಳುಕು ಜಾಸ್ತಿಯಾದಂತೆ ಕಾಣುತ್ತದೆ. ನಿಜವಾಗಿ ಆಗ ಸ್ನಾಯು ಉದ್ದವಾಗಿರುವುದು ಕಡಿಮೆ. ಆ ಎಳೆತವನ್ನು ತಾಳಲು ನರಮಂಡಲ ಒಪ್ಪಿಕೊಂಡಿರುತ್ತದೆ, ಅಷ್ಟೆ. ಸ್ನಾಯುವಿನ ಬಲ ತಿಂಗಳುಗಳಲ್ಲಿ ಬರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಇನ್ನೂ ನಿಧಾನ. ಅಲ್ಲಿ ರಕ್ತ ಹರಿಯುವುದೇ ಕಡಿಮೆ. ಹಾಗಾಗಿ ತೊಡೆಗೆ ಶಕ್ತಿ ಬಂತು ಎಂದು ಹುಮ್ಮಸ್ಸಿನಲ್ಲಿ ಕೆಳಕ್ಕೆ, ಇನ್ನೂ ಕೆಳಕ್ಕೆ ಕೂರುತ್ತೇವೆ. ಮಂಡಿಯ ಕೆಳಗಿನ ರಜ್ಜು ಮಾತ್ರ ಇನ್ನೂ ತಯಾರಾಗಿರುವುದಿಲ್ಲ. ಇನ್ನು ಸೊಂಟದ ಕೀಲಿನ ಗುಳಿ. ಅದು ಎಷ್ಟು ಆಳ, ಯಾವ ಕಡೆ ಮುಖ ಮಾಡಿದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಬೆಳೆದವರಲ್ಲಿ ಅದು ಬದಲಾಗುವುದೇ ಇಲ್ಲ. ಪಕ್ಕದಲ್ಲಿರುವವರು ಬೆರಳು ನೇರ ಮುಂದಿಟ್ಟು ಚಂದವಾಗಿ ಕೂತರೆ, ನಿಮಗೆ ಬೆರಳು ಸ್ವಲ್ಪ ಹೊರಗೆ ತಿರುಗಿಸಬೇಕಾಗಬಹುದು. ಅದು ಸೋಮಾರಿತನ ಅಲ್ಲ. ನಿಮ್ಮ ಮೂಳೆ ಇರುವುದೇ ಹಾಗೆ.

ಮೊದಲು ಮೈ ಬೆವರುವಷ್ಟು ಓಡಿ ಅಥವಾ ಜಿಗಿಯಿರಿ. ಆಮೇಲೆ ಕಟ್ಟೆಯ ಮೇಲೆ ಹಿಮ್ಮಡಿ ಇಟ್ಟು ಮುಂದಕ್ಕೆ ಬಾಗಿ. ಇದನ್ನು ಯಾ ತುಯ್ ಅನ್ನುತ್ತಾರೆ, ಕಾಲು ಒತ್ತುವುದು. ಒಮ್ಮೆಗೆ 30 ಸೆಕೆಂಡು, ಎರಡು ಮೂರು ಸಲ ಸಾಕು. ಬೆನ್ನು ಗೂನು ಮಾಡಿ ಹಣೆ ಮುಟ್ಟಿಸುವುದಕ್ಕಿಂತ, ಬೆನ್ನು ನೇರ ಇಟ್ಟು ಹೊಟ್ಟೆ ತೊಡೆಯ ಹತ್ತಿರ ಬರಲಿ. ಜೋರಾಗಿ ಒದೆಯುವ ಅಭ್ಯಾಸ ಇದ್ದ ದಿನ ದೀರ್ಘವಾದ ಎಳೆತವನ್ನು ಕೊನೆಗೆ ಇಟ್ಟುಕೊಳ್ಳಿ. ಒದೆಯುವ ಮುಂಚೆ ತುಂಬ ಹೊತ್ತು ಎಳೆದರೆ ಸ್ನಾಯುವಿನ ಚುರುಕು ಸ್ವಲ್ಪ ಹೊತ್ತು ಕುಗ್ಗುತ್ತದೆ.

ದಿನಕ್ಕೆ ಎಷ್ಟು ಗಂಟೆ? ‘ಚಳಿಗಾಲದ ಅತಿ ಚಳಿಯಲ್ಲೂ ಮಾಡು, ಬೇಸಿಗೆಯ ಅತಿ ಸೆಕೆಯಲ್ಲೂ ಮಾಡು’ ಎಂಬ ಗಾದೆ ಚೀನಾದಲ್ಲಿದೆ. ಗಮನಿಸಿ, ಅದರಲ್ಲಿ ಗಂಟೆಯ ಲೆಕ್ಕವೇ ಇಲ್ಲ. ಇರುವುದು ತಪ್ಪಿಸಬೇಡ ಎಂಬುದು ಮಾತ್ರ. ಕೆಲಸಕ್ಕೆ ಹೋಗುವವರಿಗೆ ದಿನಾ 20 ನಿಮಿಷ ಸಿಕ್ಕರೂ ನನಗೆ ಖುಷಿ. ಭಾನುವಾರ ಒಂದೇ ಸಲ 3 ಗಂಟೆ ಮಾಡಿ ಸೋಮವಾರ ಮೆಟ್ಟಿಲು ಇಳಿಯಲಾಗದೆ ಒದ್ದಾಡುವುದನ್ನು ನಾನು ಒಪ್ಪುವುದಿಲ್ಲ. ಕುದುರೆ ನಿಲುವು ಮೊದಲ ವಾರ 20 ಸೆಕೆಂಡು, ಮೂರು ಸಲ. ತೊಡೆ ನೆಲಕ್ಕೆ ಸಮ ಬರುವುದು ಬೇಡ, ಅರ್ಧ ಕೂತರೆ ಸಾಕು. ಪ್ರತಿ ವಾರ 5 ಸೆಕೆಂಡು ಸೇರಿಸಿ. ಮಂಡಿ ಒಳಗೆ ಜಾರಿತೋ, ಎಣಿಕೆ ಅಲ್ಲಿಗೆ ಮುಗಿಯಿತು.

ಮುಗಿಸುವಾಗ ಧಡಕ್ಕನೆ ಎದ್ದು ನಿಲ್ಲಬೇಡಿ. ಭಾರವನ್ನು ಬಲಗಾಲಿಗೆ ತನ್ನಿ. ಎಡಗಾಲನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳಿ. ಉಸಿರು ಬಿಡುತ್ತಾ ನಿಧಾನ ಮೇಲೇಳಿ. ಅಂಗೈ ಕೆಳಗೆ ಮಾಡಿ ಹೊಟ್ಟೆಯ ಮುಂದಿನಿಂದ ಇಳಿಸಿ. ಇದಕ್ಕೆ ಷೌ ಷಿ ಅನ್ನುತ್ತಾರೆ, ವರಸೆಯನ್ನು ಮುಚ್ಚುವುದು. ಆಮೇಲೆ ಅಂಗಳದಲ್ಲೋ ಹಜಾರದಲ್ಲೋ ಎರಡು ಸುತ್ತು ನಡೆಯಿರಿ. ತೊಡೆಯ ನಡುಕ ಇಳಿಯುವವರೆಗೆ.

ನಮಸ್ಕಾರ.