ಕಟ್ಟಡದ ಡಿಮ್ಯಾಂಡ್ ಮಿತಿ: ಲೋಡ್ ಯಾವಾಗ ಇಳಿಸಬೇಕು, ಹೇಗೆ ಏರಿಸಬೇಕು

[ಪರದೆಯಲ್ಲಿ: ಎಚ್‌ಟಿ ಮೀಟರ್, ಪಕ್ಕದಲ್ಲಿ ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ನಿಯಂತ್ರಿಸೋ ಕಂಪ್ಯೂಟರ್ ವ್ಯವಸ್ಥೆ) ಗ್ರಾಫ್]

ನಮಸ್ಕಾರ. ಕರ್ನಾಟಕದಲ್ಲಿ ಎಚ್‌ಟಿ, ಅಂದರೆ ಹೈ ಟೆನ್ಷನ್ ಸಂಪರ್ಕದ ಕಟ್ಟಡ ಕಾಂಟ್ರ್ಯಾಕ್ಟ್ ಡಿಮ್ಯಾಂಡ್ (ವಿದ್ಯುತ್ ಕಂಪನಿ ಜೊತೆ ಒಪ್ಪಿಕೊಂಡ ಗರಿಷ್ಠ ಲೋಡ್) ದಾಟಿದರೆ, ದಾಟಿದಷ್ಟು ಕೆವಿಎಗೆ (ಲೋಡ್ ಅಳೆಯೋ ಘಟಕ) ಡಿಮ್ಯಾಂಡ್ ಶುಲ್ಕ ಎರಡು ಪಟ್ಟು. ಇಡೀ ತಿಂಗಳಲ್ಲಿ ಒಂದೇ ಸಲ ದಾಟಿದರೂ ಸಾಕು. ಮೀಟರ್ ಹಿಡಿಯೋದು ಕ್ಷಣದ ಏರಿಕೆಯನ್ನಲ್ಲ, ಒಂದು ಅವಧಿಯ ಸರಾಸರಿಯನ್ನ. ನಿಮ್ಮ ಮೀಟರಿನದು 15 ನಿಮಿಷವೋ 30 ನಿಮಿಷವೋ, ಮೊದಲು ನೋಡಿಕೊಳ್ಳಿ.

[ಪರದೆಯಲ್ಲಿ: ಲೆಕ್ಕ, ಸಾಲು ಸಾಲಾಗಿ]

ಮಿತಿ 500 ಕೆವಿಎ, ಅವಧಿ 15 ನಿಮಿಷ ಅಂದುಕೊಳ್ಳಿ. ಕೈಯಲ್ಲಿರೋ ಪಾಲು 500 × 15, ಅಂದರೆ 7,500 ಕೆವಿಎ-ನಿಮಿಷ. ಮೊದಲ 10 ನಿಮಿಷ 540ರಲ್ಲಿ ಓಡಿದರೆ 5,400 ಖಾಲಿ. ಉಳಿದ 2,100ನ್ನು 5 ನಿಮಿಷಕ್ಕೆ ಹಂಚಿದರೆ 420. ಸರಿ, 120 ಕೆವಿಎ ಇಳಿಸಿದರೆ ಆಯ್ತು. 13ನೇ ನಿಮಿಷದವರೆಗೂ ಕಾದಿರೋ, ಉಳಿಯೋದು 480, ಅದು 2 ನಿಮಿಷಕ್ಕೆ. 300 ಕೆವಿಎ ಇಳಿಸಬೇಕು! ಚಿಲ್ಲರ್ (ಎಸಿಗೆ ನೀರು ತಂಪು ಮಾಡೋ ಯಂತ್ರ) ನಿಲ್ಲಿಸದೆ ಅದು ಆಗೋ ಮಾತಲ್ಲ. ಅದಕ್ಕೇ ಟಾರ್ಗೆಟ್ 475ಕ್ಕೆ ಇಡಿ.

ಬಿಎಂಎಸ್ ಗಡಿಯಾರ ಮೀಟರಿಗಿಂತ 4 ನಿಮಿಷ ಹಿಂದಿದ್ದರೆ ಈ ಲೆಕ್ಕವೆಲ್ಲ ನೀರಲ್ಲಿ ಮಾಡಿದ ಹೋಮ. ಹೊಸ ಅವಧಿ ಶುರುವಾಯ್ತು ಅಂತ ತಿಳಿಸೋ ಸಿಂಕ್ ಪಲ್ಸ್ ಮೀಟರಿನಿಂದ ಸಿಗದಿದ್ದರೆ ಸ್ಲೈಡಿಂಗ್ ವಿಂಡೋ ಬಳಸಿ, ಅಂದರೆ ಯಾವಾಗಲೂ ಹಿಂದಿನ 15 ನಿಮಿಷದ ಸರಾಸರಿ ನೋಡಿ. ಲೋಡ್ ತುಸು ಹೆಚ್ಚೇ ಕಡಿತವಾಗುತ್ತೆ, ಮಿತಿ ಮಾತ್ರ ದಾಟಲ್ಲ. ಇನ್ನೊಂದು ಮಾತು: ಕಿಲೋವ್ಯಾಟ್ ನೋಡಿ ನಿಯಂತ್ರಿಸಬೇಡಿ. ಪವರ್ ಫ್ಯಾಕ್ಟರ್ (ಕಿಲೋವ್ಯಾಟನ್ನು ಕೆವಿಎಯಿಂದ ಭಾಗಿಸಿದರೆ ಬರೋ ಸಂಖ್ಯೆ) 0.99 ಇದ್ದಾಗ 450 ಕಿಲೋವ್ಯಾಟ್ ಅಂದರೆ 455 ಕೆವಿಎ. ಅದನ್ನು ಸರಿ ಇಡೋ ಕೆಪಾಸಿಟರ್ ಕೆಟ್ಟು 0.9ಕ್ಕೆ ಇಳಿದರೆ ಅದೇ ಲೋಡ್ 500.

[ಪರದೆಯಲ್ಲಿ: ಲೋಡ್ ಪಟ್ಟಿ]

ಮೊದಲು ಗೀಸರ್, ಇವಿ ಚಾರ್ಜರ್, ಓವರ್‌ಹೆಡ್ ಟ್ಯಾಂಕಿನ ಪಂಪ್. ಆಮೇಲೆ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಬ್ಲೋವರ್, ಅದೂ ಸ್ವಲ್ಪ ಹೊತ್ತು ಮಾತ್ರ. ಅಲ್ಲಿರೋ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ಚಿಲ್ಲರ್ ಆಫ್ ಮಾಡಬೇಡಿ, ಅದರ ಕರೆಂಟ್ ಲಿಮಿಟ್ 80%ಕ್ಕೆ ತನ್ನಿ. ಜೊತೆಗೆ ಎಎಚ್‌ಯು (ತಂಪು ಗಾಳಿ ಹಂಚೋ ಘಟಕ) ಫ್ಯಾನಿನ ವೇಗಕ್ಕೂ ಮಿತಿ ಹಾಕಿ. ಇಲ್ಲದಿದ್ದರೆ ತಂಪು ಸಾಲದೆ ಫ್ಯಾನ್ ಜೋರಾಗಿ ತಿರುಗಿ, ಉಳಿಸಿದ್ದರಲ್ಲಿ ಒಂದು ಪಾಲು ನುಂಗುತ್ತೆ. ಫೈರ್ ಪಂಪ್, ಲಿಫ್ಟ್, ಸರ್ವರ್ ರೂಮ್ ಎಸಿ ಈ ಪಟ್ಟಿಗೇ ಬರಬಾರದು.

ಹೆಚ್ಚಿನವರು ಎಡವೋದು ಲೋಡ್ ವಾಪಸ್ ಕೊಡುವಾಗ. 475 ಮುಟ್ಟಿದಾಗ ಲೋಡ್ ಇಳಿಸಿ, 470ಕ್ಕೆ ಬಂದೊಡನೇ ಏರಿಸಿದರೆ ಕಾಂಟ್ಯಾಕ್ಟರ್ (ಲೋಡ್ ಆನ್-ಆಫ್ ಮಾಡೋ ಸ್ವಿಚ್) ಪಟಪಟ ಬಡಿದುಕೊಳ್ಳುತ್ತೆ. 440ರ ಕೆಳಗೆ ಬಂದ ಮೇಲೆ, ಒಂದೊಂದೇ ಲೋಡ್, ನಡುವೆ 3 ನಿಮಿಷ ಬಿಟ್ಟು ಕೊಡಿ. ಕರೆಂಟ್ ಹೋಗಿ ಬಂದಾಗಲೂ ಇದೇ ಕ್ರಮ ಬಿಎಂಎಸ್‌ನಲ್ಲಿರಲಿ, ಆಗ ಎಲ್ಲಾ ಲೋಡೂ ಒಟ್ಟಿಗೇ ಕೈ ಚಾಚಿರುತ್ತೆ.